ಮಾವನವರು ಕಾಗೆಯನ್ನು ಕೇಳುತ್ತಿದ್ದ ಪ್ರಶ್ನೆ

ಹಿತ್ತಲಿನ ಹಕ್ಕಿಗಳನ್ನು ನೋಡುತ್ತ ಕೂತರೆ ಮನುಷ್ಯರ ಸ್ವಭಾವ ತಿಳಿಯುತ್ತದಂತೆ. ಮೊಮ್ಮಗಳು ಮೊನ್ನೆ ಎಲ್ಲೋ ಓದಿಕೊಂಡು ಬಂದು ಹೇಳಿದಳು. ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ. ಮದುವೆಯಾದ ಹೊಸದರಲ್ಲಿ ಚಿತ್ತಾಪುರದ ಮನೆಯಲ್ಲಿ ನಾನು ಮಾಡುತ್ತಿದ್ದದ್ದೇ ಆ ಕೆಲಸ. ಬೇರೆ ನೋಡುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಆ ವಿದ್ಯೆ ಒಂದು ದಿನ ಒಂದು ಹೇಳುತ್ತಿತ್ತು, ಮರುದಿನ ಅದಕ್ಕೆ ತದ್ವಿರುದ್ಧ ಹೇಳುತ್ತಿತ್ತು. ತಲೆ ಕೆಟ್ಟದ್ದೇ ಲಾಭ. ಇಷ್ಟು ವರ್ಷವಾದ ಮೇಲೂ ಅದರಲ್ಲಿ ಒಂದೇ ಒಂದು ಸಂಗತಿ ನನಗೆ ನೆಟ್ಟಗೆ ತಿಳಿದಿದೆ. ಅದೂ ಹಕ್ಕಿಯಿಂದ ತಿಳಿಯಿತೋ ಹಸಿವಿನಿಂದ ತಿಳಿಯಿತೋ ಹೇಳಲಾರೆ.

ನಿಜಾಮರ ಆಳ್ವಿಕೆ ಮುಗಿದು ಒಂದೆರಡು ವರ್ಷವಾಗಿತ್ತು. ಕಚೇರಿಗಳ ಬೋರ್ಡಿನಲ್ಲಿ ಇನ್ನೂ ಉರ್ದು ಇತ್ತು. ಅಲ್ಲೊಂದು ಇಲ್ಲೊಂದು ಕನ್ನಡ ಅಕ್ಷರ ಕಾಣತೊಡಗಿದ್ದವು. ನಾನು ಚಿಂಚೋಳಿ ತಾಲ್ಲೂಕಿನ ಐನಾಪುರದ ಹುಡುಗಿ. ಸೇಡಂವರೆಗೆ ಎತ್ತಿನ ಬಂಡಿ, ಅಲ್ಲಿಂದ ರೈಲು, ಹೀಗೆ ಚಿತ್ತಾಪುರಕ್ಕೆ ಸೊಸೆಯಾಗಿ ಬಂದೆ. ಗಂಡನಿಗೆ ವಾಡಿ ಸ್ಟೇಶನ್ನಿನಲ್ಲಿ ಕೆಲಸ. ಪಾಳಿ ಮುಗಿದಾಗ ಬರುವುದು, ಉಂಡು ಮಲಗುವುದು, ಎದ್ದು ಮತ್ತೆ ಗಾಡಿ ಹತ್ತುವುದು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಇದ್ದವರು ಮಾವನವರು ಮತ್ತು ಅವರ ವಿಧವೆ ಅಕ್ಕ. ಆ ಅಕ್ಕನನ್ನು ನಾನು ದೊಡ್ಡತ್ತಿ ಅನ್ನುತ್ತಿದ್ದೆ. ಅವರಿಗೆ ಕಿವಿ ಪೂರ್ತಿ ಹೋಗಿತ್ತು, ಆದರೆ ಅದನ್ನು ಅವರು ಒಪ್ಪುತ್ತಿರಲಿಲ್ಲ. ಎಲ್ಲರೂ ಸಣ್ಣ ದನಿಯಲ್ಲಿ ಮಾತಾಡುವುದನ್ನು ಕಲಿತಿದ್ದಾರೆ ಎಂದು ಬೈಯುತ್ತಿದ್ದರು.

ಆ ಕಾಲದಲ್ಲಿ ನಮ್ಮಲ್ಲಿ ಸೊಸೆ ಮಾವನ ಜೊತೆ ಮಾತಾಡುವ ಹಾಗಿರಲಿಲ್ಲ. ಎದುರಿಗೆ ನಿಲ್ಲುವ ಹಾಗಿಲ್ಲ, ಹೆಸರು ಹೇಳುವ ಹಾಗಿಲ್ಲ, ಅವರ ಕಣ್ಣಿಗೆ ಬೀಳುವಂತೆ ಕೂತು ಉಣ್ಣುವ ಹಾಗಂತೂ ಇಲ್ಲವೇ ಇಲ್ಲ. ಮಾವನೂ ಸೊಸೆಯನ್ನು ನೇರವಾಗಿ ಮಾತಾಡಿಸುತ್ತಿರಲಿಲ್ಲ. ನಡುವೆ ಅತ್ತೆ ಇದ್ದರೆ ಅವರ ಮೂಲಕ ಎಲ್ಲ ನಡೆಯುತ್ತಿತ್ತು. ನಮ್ಮ ಮನೆಯಲ್ಲಿ ನಡುವೆ ಇದ್ದವರು ದೊಡ್ಡತ್ತಿ. ಮೊದಮೊದಲು ಮಾವನವರು ನನಗೆ ಹೇಳಬೇಕಾದದ್ದನ್ನು ಅವರಿಗೆ ಹೇಳುತ್ತಿದ್ದರು. ನಾಳೆ ಬೀಗರು ಬರುತ್ತಾರೆ, ನಾಲ್ಕು ರೊಟ್ಟಿ ಹೆಚ್ಚಿಗೆ ಬಡಿಯಬೇಕು ಎಂಬಷ್ಟು ಮಾತು ಅವರ ಕಿವಿಗೆ ಹೋಗಬೇಕಾದರೆ ಓಣಿಗೆ ಓಣಿಯೇ ಕೇಳುವಂತೆ ಕೂಗಬೇಕು. ಒಳಗೆ ನನಗೆ ಕೇಳಿಸಿರುತ್ತಿತ್ತು, ಹೊರಗೆ ನಾಲ್ಕು ಮನೆಗೂ ಕೇಳಿಸಿರುತ್ತಿತ್ತು, ದೊಡ್ಡತ್ತಿ ಮಾತ್ರ "ಏನಂದಿಯಪ್ಪಾ?" ಅನ್ನುತ್ತಿದ್ದರು. ಸಂಜೆ ಪಕ್ಕದ ಮನೆಯವಳು ಬಂದು ಬೀಗರು ಯಾವ ಊರಿನವರು ಎಂದು ವಿಚಾರಿಸುತ್ತಿದ್ದಳು. ಸ್ವಲ್ಪ ದಿನ ನೋಡಿ ಮಾವನವರು ಅಕ್ಕನಿಗೆ ಹೇಳುವುದನ್ನು ಬಿಟ್ಟರು. ಹಕ್ಕಿಗಳಿಗೆ ಹೇಳತೊಡಗಿದರು.

ಅಡುಗೆಮನೆಯ ಬಾಗಿಲು ಹಿತ್ತಲಿಗೆ ತೆರೆಯುತ್ತಿತ್ತು. ಬಾಗಿಲ ಎದುರಿಗೇ ಬೇವಿನ ಮರ. ಅದರ ಬುಡದಲ್ಲಿ ಎರಡು ಕಲ್ಲಿನ ಮೇಲೆ ಅಡ್ಡ ಇಟ್ಟ ಶಹಾಬಾದದ ಚಪ್ಪಡಿಕಲ್ಲು, ನಮ್ಮ ಕಡೆ ಪರಸಿ ಅನ್ನುತ್ತಾರೆ. ಬೆಳಿಗ್ಗೆ ಪೂಜೆಯಾದ ಮೇಲೆ ಒಂದು ಸಲ, ಮಧ್ಯಾಹ್ನ ಊಟವಾದ ಮೇಲೆ ಒಂದು ಸಲ ಮಾವನವರು ಆ ಪರಸಿಯ ಮೇಲೆ ಕೂತು ಜೋಳ, ರೊಟ್ಟಿಚೂರು ಚೆಲ್ಲುತ್ತಿದ್ದರು. ನಿವೃತ್ತ ಮಾಸ್ತರರು ಅವರು, ಜೀವಮಾನವೆಲ್ಲ ಉರ್ದುವಿನಲ್ಲಿ ಪಾಠ ಹೇಳಿದವರು. ಕಾಗೆ, ಗುಬ್ಬಿ, ಗೊರವಂಕಗಳು ಅವರ ಮುಂದೆ ಶಾಲೆಯ ಮಕ್ಕಳಂತೆ ಗದ್ದಲ ಮಾಡುತ್ತಿದ್ದವು. ಅವರು ಅವಕ್ಕೆ ಮಾತು ಹೇಳುತ್ತಿದ್ದರು.

"ಹಿತ್ತಲ ಬಾಗಲಾ ತಗದಿಟ್ಟರ ನಾಯಿ ಬರ್ತದ ಅಂತ ತಿಳಿಯಂಗಿಲ್ಲೇನು ನಿಮಗ?" ಎಂದು ಗುಬ್ಬಿಯನ್ನು ಕೇಳಿದರೆ ನಾನು ಹೋಗಿ ಬಾಗಿಲು ಹಾಕುತ್ತಿದ್ದೆ. "ಇವತ್ತ ಪುಂಡಿಪಲ್ಯಾ ಭಾಳ ಚೆಂದ ಆಗಿತ್ತು ನೋಡು," ಎಂದು ಕಾಗೆಗೆ ಹೇಳಿದರೆ ನನಗೆ ಒಳಗೊಳಗೇ ಹಿಗ್ಗು. ಇಲ್ಲಿಯವರೆಗೆ ಸುಲಭ. ಆದರೆ, "ಏನು ಒದರ್ತೀ, ಸುಮ್ಮ ಕುಂದ್ರು" ಅಂದರೆ? ಆಗಷ್ಟೇ ನಾನು ಪಾತ್ರೆ ತಿಕ್ಕುತ್ತಿದ್ದೆ. ಸಪ್ಪಳ ಮಾಡಿದ್ದು ನಾನೋ, ಆ ಗೊರವಂಕವೋ? "ಕದ್ದು ತಿಂದರ ಮೈಗೆ ಹತ್ತಂಗಿಲ್ಲ" ಎಂದು ಅಳಿಲಿಗೆ ಹೇಳಿದ ದಿನ ನಾನು ಬಾಯಲ್ಲಿ ಬೆಲ್ಲದ ಚೂರು ಇಟ್ಟುಕೊಂಡಿದ್ದೆ. ಅದನ್ನು ನುಂಗಲೂ ಆಗದೆ ಉಗುಳಲೂ ಆಗದೆ ನಿಂತೆ. ಬೆಕ್ಕಿಗೆ ಅವರು ಬೈಯುತ್ತಿದ್ದದ್ದು ಉರ್ದುವಿನಲ್ಲಿ. ಹಾಗಾದರೆ ಪ್ರಾಣಿಗೆ ಹೇಳುವುದು ಉರ್ದು, ನನಗೆ ಹೇಳುವುದು ಕನ್ನಡ ಎಂದು ನಾನೇ ಒಂದು ಲೆಕ್ಕ ಹಾಕಿಕೊಂಡೆ. ಮರುದಿನವೇ ಅದೇ ಬೆಕ್ಕಿಗೆ ಅಚ್ಚ ಕನ್ನಡದಲ್ಲಿ ಬೈದು ನನ್ನ ಲೆಕ್ಕವನ್ನು ಕೆಡಿಸಿದರು.

ಎಲ್ಲಕ್ಕಿಂತ ನನ್ನ ತಲೆ ತಿಂದದ್ದು ಮಧ್ಯಾಹ್ನದ ಒಂದು ಪ್ರಶ್ನೆ. ದೊಡ್ಡತ್ತಿ ಬಡಿಸಿ, ಮಾವನವರು ಉಂಡು, ಕೈತೊಳೆದು ಪರಸಿಗೆ ಬರುತ್ತಿದ್ದರು. ಕಾಗೆ ಗೋಡೆಯ ಮೇಲೆ ಕಾದಿರುತ್ತಿತ್ತು. ರೊಟ್ಟಿ ಚೂರು ಎಸೆಯುವರು, ಅದು ತಿನ್ನುವುದು. ಹೊಟ್ಟೆ ಬಿರಿಯೆ ತಿಂದು ಕೊಕ್ಕು ಒರೆಸಿಕೊಳ್ಳುತ್ತಿರುವಾಗ ಅದನ್ನು ಕೇಳುವರು:

"ಊಟ ಆತೇನು?"

ಕಣ್ಣೆದುರಿಗೆ ತಿಂದ ಕಾಗೆಯನ್ನು ಊಟವಾಯಿತೇ ಎಂದು ಕೇಳುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಾಗೆ ಉತ್ತರ ಕೊಡುತ್ತಿರಲಿಲ್ಲ. ಅವರು ಮತ್ತೆ ಕೇಳುವರು. ಆಮೇಲೆ ಸುಮ್ಮನೆ ಅಲ್ಲೇ ಕೂಡುವರು. ಬೇವಿನ ನೆರಳು ಸರಿದು ನೆತ್ತಿಯ ಮೇಲೆ ಬಿಸಿಲು ಬೀಳುವವರೆಗೆ ಅಡುಗೆಮನೆಗೆ ಎದುರಾಗಿ ಕೂತೇ ಇರುವರು. ಅವರು ಎದ್ದು ಮನೆಯ ಮುಂದಿನ ಕಟ್ಟೆಗೆ ಹೋಗುವತನಕ ನಾನು ತಾಟಿಗೆ ಕೈ ಹಾಕುವ ಹಾಗಿರಲಿಲ್ಲ. ಬಾಗಿಲು ಮುಚ್ಚೋಣವೆಂದರೆ ಹಿರಿಯರ ಮುಖಕ್ಕೆ ಬಾಗಿಲು ಹಾಕಿದಂತೆ. ನಡುಮನೆಯಲ್ಲಿ ಉಣ್ಣೋಣವೆಂದರೆ ಅದರ ಬಾಗಿಲು ಬೀದಿಗೆ ಬಾಯಿ ತೆರೆದುಕೊಂಡೇ ಇರುತ್ತಿತ್ತು. ಒಲೆಯ ಪಕ್ಕ ಗೋಡೆಗೆ ಒತ್ತಿ ಕೂತು, ಸೆರಗು ಎಳೆದುಕೊಂಡು, ಆರಿ ಹೋಗುತ್ತಿರುವ ಬೇಳೆಯನ್ನು ನೋಡುತ್ತ, ಹಿತ್ತಲಿನ ಹಕ್ಕಿಗಳನ್ನು ನೋಡುತ್ತ ಕಾಯುತ್ತಿದ್ದೆ.

ಯಾಕೆ ಹೀಗೆ ಕಾವಲುಗಾರನ ಹಾಗೆ ಕೂಡುತ್ತಾರೆ? ಸೊಸೆ ಎಷ್ಟು ತಿನ್ನುತ್ತಾಳೆ ನೋಡುವುದಕ್ಕೋ? ನನಗೆ ಬೇರೆ ಅರ್ಥ ಹೊಳೆಯಲಿಲ್ಲ. ಸಿಟ್ಟು ಬರುತ್ತಿತ್ತು, ಅಳುವೂ ಬರುತ್ತಿತ್ತು. ಗಂಡ ಬಂದಾಗ ಹೇಳೋಣವೆಂದರೆ ಏನಂತ ಹೇಳುವುದು, ನಿಮ್ಮಪ್ಪ ನನ್ನನ್ನು ಉಣ್ಣಗೊಡುವುದಿಲ್ಲ ಅಂತಲೇ? ಒಂದು ಸಲ ಸುತ್ತಿ ಬಳಸಿ, "ಮಾವನವರು ಹಿತ್ತಲದಾಗ ಭಾಳೊತ್ತು ಕುಂದರ್ತಾರಲ್ರಿ" ಅಂದೆ. "ಅಪ್ಪ ಹಾಂಗೇ," ಎಂದು ಅವರು ಮಗ್ಗಲು ಬದಲಿಸಿದರು. ಗೊರಕೆ ಕೇಳಿಸಿತು.

ಹೀಗಾಗಿ ಉತ್ತರವನ್ನು ಹಕ್ಕಿಗಳಲ್ಲಿ ಹುಡುಕತೊಡಗಿದೆ. ಕಾಗೆ ಒಂದು ಚೂರು ರೊಟ್ಟಿ ಕಂಡರೆ ಬಳಗವನ್ನೆಲ್ಲ ಕೂಗಿ ಕರೆಯುತ್ತದೆ. ಎಷ್ಟು ದೊಡ್ಡ ಮನಸ್ಸು, ಮನುಷ್ಯರಿಗಿಲ್ಲವಲ್ಲ ಅಂದುಕೊಂಡೆ. ಮರುದಿನ ಅದೇ ಕಾಗೆ ಒಂದು ತುಂಡನ್ನು ಯಾರಿಗೂ ಕಾಣದ ಹಾಗೆ ಹಂಚಿನ ಸಂದಿಯಲ್ಲಿ ತುರುಕಿ, ಮೇಲೆ ಒಂದು ಒಣ ಎಲೆಯನ್ನು ಮುಚ್ಚಿಟ್ಟು, ಏನೂ ಗೊತ್ತಿಲ್ಲದವರ ಹಾಗೆ ಹಾರಿಹೋಯಿತು. ಗಂಡುಗುಬ್ಬಿ ಕಡ್ಡಿ ತಂದು ಗೋಡೆಯ ಗೂಡಿನಲ್ಲಿಟ್ಟರೆ ಹೆಣ್ಣು ಅದನ್ನು ಎತ್ತಿ ಹೊರಗೆ ಎಸೆಯುತ್ತಿತ್ತು. ಮನೆಯಲ್ಲಿ ಹೆಣ್ಣಿನ ಮಾತೇ ನಡೆಯಬೇಕು ಎಂದು ಅದರಿಂದ ಧೈರ್ಯ ತಂದುಕೊಂಡು, ಟ್ರಂಕನ್ನು ಮೂಲೆಯಿಂದ ಸರಿಸಬೇಕು ಎಂದು ಗಂಡನಿಗೆ ಹೇಳಿದೆ. "ಅಪ್ಪಗ ಕೇಳು," ಅಂದರು. ಕೇಳುವುದು ಹೇಗೆ? ಬೂದುಬಣ್ಣದ ಇನ್ನೊಂದು ಜಾತಿಯ ಹಕ್ಕಿ ಗುಂಪು ಕಟ್ಟಿಕೊಂಡು ಬರುತ್ತಿತ್ತು. ಒಂದರ ಮೈಯನ್ನು ಒಂದು ಕೆದರಿ, ಒಂದರ ಬಾಯಿಗೆ ಒಂದು ಹುಳ ಇಟ್ಟು ಅಷ್ಟು ಪ್ರೀತಿ ಮಾಡುವುವು; ನೋಡನೋಡುತ್ತ ಎಲ್ಲ ಸೇರಿ ಒಂದನ್ನೇ ಕುಕ್ಕಿ ಓಡಿಸುವುವು. ಅದು ಏನು ತಪ್ಪು ಮಾಡಿತ್ತು? ನನಗಂತೂ ಕಾಣಲಿಲ್ಲ. ಆ ದಿನ ಪೂರ್ತಿ ನನಗೆ ಏನೂ ಸೇರಲಿಲ್ಲ.

ಎಲ್ಲರ ಕೊನೆಗೆ ಬರುತ್ತಿದ್ದದ್ದು ಬೆಳವ. ಪಾರಿವಾಳದ ಸಣ್ಣ ತಂಗಿಯಂಥ ಸಾಧು ಹಕ್ಕಿ. ಉಳಿದವು ಗದ್ದಲ ಮಾಡಿ ಹೋದ ಮೇಲೆ ಗೋಡೆಯ ತುದಿಗೆ ಬಂದು ಕತ್ತು ಕುಣಿಸುತ್ತ ಕೂಡುತ್ತಿತ್ತು. ಮನುಷ್ಯರು ಕಂಡರೆ ಇಳಿಯುತ್ತಿರಲಿಲ್ಲ. ಬೆಳಗಿನ ಹೊತ್ತು ಅದು ಬಂತೆಂದರೆ ಮಾವನವರು ಮೆಲ್ಲಗೆ ಎದ್ದು, ಧೋತರದ ಚುಂಗು ಹಿಡಿದುಕೊಂಡು, ಬೇವಿನ ಮರದ ಹಿಂದೆ ಹೋಗಿ ನಿಲ್ಲುತ್ತಿದ್ದರು. ಬೆಳವ ಇಳಿದು ಕಾಳು ಹೆಕ್ಕಿ ಹಾರಿಹೋಗುವವರೆಗೆ ಅಲ್ಲಾಡುತ್ತಿರಲಿಲ್ಲ. ಇದನ್ನು ನೋಡಿದಾಗ ನನಗೆ ಮೈ ಉರಿಯುತ್ತಿತ್ತು. ಒಂದು ಹಕ್ಕಿಯ ಸಂಕೋಚ ತಿಳಿಯುವ ಮನುಷ್ಯ ಇವರು. ಮಧ್ಯಾಹ್ನ ನನ್ನ ಎದುರಿಗೆ ಕಲ್ಲಿನ ಹಾಗೆ ಕೂಡುವವರೂ ಇವರೇ. ಇದರಲ್ಲಿ ಯಾವ ಮಾವನನ್ನು ನಂಬಬೇಕು?

ಅಷ್ಟರಲ್ಲಿ ನಾನು ಬಸಿರಾದೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಅದು ಪದ್ಧತಿ. ಆದರೆ ನನ್ನ ತವರಿನಲ್ಲಿ ಅವ್ವ ಇರಲಿಲ್ಲ. ಅಣ್ಣ ಒಳ್ಳೆಯವನು. ಅತ್ತಿಗೆ ಕೆಟ್ಟವಳೇನಲ್ಲ, ಅವಳಿಗೇ ಸಾಲುಸಾಲು ಮಕ್ಕಳು, ಮೇಲೆ ಹೊಲದ ಕೆಲಸ. ಹಿಂದಿನ ಪಂಚಮಿಗೆ ಹೋದಾಗಲೇ, ನಾನಿನ್ನೂ ಬಸಿರಾಗಿರದಿದ್ದರೂ, "ನೀ ಬಾಣಂತನಕ್ಕ ಬಂದ್ರ ನಾ ಯಾವ ಕಡಿ ಅಂತ ನೋಡ್ಲಿ?" ಎಂದು ನಗುನಗುತ್ತಲೇ ಅಂದಿದ್ದಳು. ಆ ನಗುವಿನೊಳಗಿನ ಆಯಾಸ ನನಗೆ ಕಂಡಿತ್ತು. ಇಲ್ಲಿ ಚಿತ್ತಾಪುರದಲ್ಲಾದರೆ ಎರಡು ಮನೆ ಆಚೆಗೆ ಸೂಲಗಿತ್ತಿ ಇದ್ದಳು. ಕೂಗಳತೆಯಲ್ಲಿ ಸ್ಟೇಶನ್ನು, ಗಂಡ ಬಂದು ಹೋಗಿ ಮಾಡಬಹುದು. ನನಗೆ ಇಲ್ಲೇ ಹೆರುವ ಆಸೆ. ಆದರೆ ಇರುತ್ತೇನೆ ಎಂದು ಸೊಸೆ ಬಾಯಿಬಿಟ್ಟು ಹೇಳುವುದುಂಟೇ? ಈ ಮನೆಗೆ ನಾನು ಬೇಕೋ ಬೇಡವೋ ಎಂಬುದೇ ನನಗೆ ತಿಳಿದಿರಲಿಲ್ಲ. ಹಗಲೂ ಇರುಳೂ ಅದೊಂದೇ ಚಿಂತೆಯಾಯಿತು.

ಬೇಸಿಗೆ ಬಂತು. ಬೇವಿನ ಮರದಲ್ಲಿ ಕಾಗೆ ಗೂಡು ಕಟ್ಟಿತು, ಕೋಗಿಲೆ ಅದರ ಸುತ್ತ ಸುಳಿಯತೊಡಗಿತು. ಹೊಟ್ಟೆಯೊಳಗಿನ ಕೂಸಿಗೆ ಮಧ್ಯಾಹ್ನಕ್ಕೇ ಹಸಿವು. ಮಾವನವರು ಏಳುವುದು ನೆರಳು ಸರಿದ ಮೇಲೆ. ಕಣ್ಣು ಕತ್ತಲೆ ಬರುತ್ತಿತ್ತು. ತಣ್ಣಗಾದ ರೊಟ್ಟಿ ಗಂಟಲಲ್ಲಿ ಇಳಿಯದೆ ಎಷ್ಟೋ ದಿನ ದನಕ್ಕೆ ಹಾಕಿದೆ. ಅಂಥ ಒಂದು ಮಧ್ಯಾಹ್ನ ಕೋಗಿಲೆ ತಗ್ಗಿನ ಟೊಂಗೆಗೆ ಬಂದು ಕೂತಿತ್ತು. ಮಾವನವರು ಎಂದಿನಂತೆ ಊಟ ಆತೇನು ಎಂದು ಕೇಳಿ, ಉತ್ತರ ಬಾರದೆ, ಕೋಗಿಲೆಯ ಕಡೆ ಕತ್ತೆತ್ತಿ ಅಂದರು:

"ಇಲ್ಲಿ ಯಾಕ ಕುಂತೀದಿ? ನಿನ್ನ ಗೂಡಿಗಿ ಹೋಗು. ಪರರ ಮನ್ಯಾಗ ಎಷ್ಟ ದಿನ ಇರ್ತಿ?"

ಕೋಗಿಲೆ ಹಾರಿಹೋಯಿತು. ನನಗೆ ಹಾರಲು ಬರುವಂತಿದ್ದರೆ ನಾನೂ ಆಗಲೇ ಹೋಗುತ್ತಿದ್ದೆ. ಪರರ ಮನೆಯಲ್ಲಿ ಮೊಟ್ಟೆ ಇಡಲು ಬಂದ ಹಕ್ಕಿ ನಾನು, ಹಾಗೆಂದೇ ಹೇಳಿದರಲ್ಲ! ಕೋಗಿಲೆಗೇ ಅಂದಿರಬಹುದು, ಅದಕ್ಕೆ ಗೂಡೇ ಇಲ್ಲವಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಗೂಡಿಲ್ಲದ ಹಕ್ಕಿಗೆ ಗೂಡಿಗೆ ಹೋಗು ಎಂದು ಓದಿದ ಮಾಸ್ತರರು ಹೇಳುತ್ತಾರೆಯೇ ಎಂದು ಅದೇ ಮನಸ್ಸು ತಿರುಗಿ ಕೇಳಿತು. ಸಂಜೆ ಟ್ರಂಕು ತೆಗೆದು ಸೀರೆ ಮಡಿಚಿಟ್ಟೆ.

ಅದಾದ ಕೆಲವೇ ದಿನಕ್ಕೆ, ಮಳೆ ಬೀಳುವ ಮೊದಲು ಕರೆದುಕೊಂಡು ಹೋಗಬೇಕೆಂದು ಅಣ್ಣ ಬಂದ. ಕರೆಸಿದವರು ಮಾವನವರೇ ಎಂದು ಅವನ ಮಾತಿನಿಂದ ತಿಳಿಯಿತು. ಉಂಡಾದ ಮೇಲೆ ಇಬ್ಬರೂ ಹಿತ್ತಲಿಗೆ ಬಂದು ಪರಸಿಯ ಮೇಲೆ ಕೂತರು. ನಾನು ಒಲೆಯ ಪಕ್ಕ ನನ್ನ ಜಾಗದಲ್ಲಿ. ಮುಂದೆ ಮುಚ್ಚಿಟ್ಟ ತಾಟು. ಕಾಗೆ ಗೋಡೆಯ ಮೇಲೆ.

"ಊಟ ಆತೇನು?" ಎಂದು ಕಾಗೆಯನ್ನು ಕೇಳಿದರು ಮಾವನವರು. ಅಣ್ಣ ಅವರ ಮುಖ ನೋಡಿದ.

ಆಮೇಲೆ ಮಾವನವರು ಅಣ್ಣನ ಕಡೆ ತಿರುಗಿದರು. ಬೀಗರ ಜೊತೆ ಮಾತಾಡಲು ಅವರಿಗೆ ಹಕ್ಕಿ ಬೇಕಿರಲಿಲ್ಲ.

"ಬೀಗರ, ಒಂದು ಮಾತು ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ತಂಗಿ ನಮ್ಮ ಮನ್ಯಾಗ ಹೊಟ್ಟಿತುಂಬ ಉಣ್ಣಾಕತ್ತಿಲ್ಲ. ನಾ ದಿನಾ ಇಲ್ಲೇ ಕುಂತು ಕೇಳ್ತೀನಿ, ಆತು ಅಂತ ಒಂದು ಸಪ್ಪಳಿಲ್ಲ. ಉಂಡ್ಲು ಅಂತ ತಿಳಿದ್ರ ಎದ್ದು ಹೋಗ್ಬೇಕಂತ ಕಾಯ್ತೀನಿ, ಬಿಸಲು ನೆತ್ತಿಗಿ ಬರ್ತದ. ಮಾರಿ ಸಣ್ಣದಾಗ್ಯಾದ ಅಂತ ಅಕ್ಕನೂ ಅಂದ್ಲು. ಬಸುರಿ ಹೆಣ್ಣುಮಗಳು. ಅತ್ತಿಲ್ಲದ ಮನಿ, ಕೇಳವರು ಯಾರು? ಏನು ಕೊರತಿ ಮಾಡೀವೋ ನನಗ ತಿಳೀವಲ್ದು. ತವರಮನ್ಯಾಗಾದ್ರೂ ಉಣ್ಲಿ. ಕರಕೊಂಡು ಹೋಗ್ರಿ."

ಅಣ್ಣ ಗಾಬರಿಯಾದ. "ಆತ್ರಿ, ಸಂಜಿ ಗಾಡಿಗೇ ಕರಕೊಂಡು ಹೋಗ್ತೀನ್ರಿ," ಅಂದ.

ಒಳಗೆ ನನ್ನ ಗತಿ ಏನಾಗಿರಬೇಡ! ನಾನು ಉಂಡರೆ ಏಳೋಣವೆಂದು ಅವರು ಕೂತಿದ್ದರು. ಅವರು ಎದ್ದರೆ ಉಣ್ಣೋಣವೆಂದು ನಾನು ಕೂತಿದ್ದೆ. ತಿಂಗಳುಗಟ್ಟಲೆ ಇಬ್ಬರೂ ಹೀಗೆ ಎದುರುಬದರು ಕಾದಿದ್ದೆವು. ಸಂಜೆಯ ಗಾಡಿ ಹತ್ತಿದರೆ ಇದು ಅವರಿಗೆ ಎಂದಿಗೂ ತಿಳಿಯುವುದಿಲ್ಲ, ನಾನು ಮುನಿಸಿಕೊಂಡು ಹೋದೆ ಎಂದೇ ಉಳಿಯುತ್ತದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಾಯಿ ಬಿಟ್ಟರೆ ಪದ್ಧತಿ ಮೀರಿದಂತೆ, ಅದೂ ಅಣ್ಣನ ಎದುರಿಗೆ. ಬಿಡದಿದ್ದರೆ ಗಾಡಿ. ಬಾಗಿಲ ಸಂದಿಯಲ್ಲಿ ಕಾಗೆ ಕಂಡಿತು. ಇಷ್ಟು ದಿನ ಅವರು ಬಳಸಿದ ದಾರಿ ನನಗೂ ಇದೆಯಲ್ಲ ಎಂದು ಆಗ ಹೊಳೆಯಿತು. ಸೆರಗು ಮೂಗಿನವರೆಗೆ ಎಳೆದುಕೊಂಡು, ಒಳಗಿನಿಂದಲೇ ಅಂದೆ:

"ಕಾಗೀ, ಎದುರಿಗಿ ಹಿರೇರು ಕುಂತ್ರ ನಾ ತಾಟಿಗಿ ಕೈ ಹ್ಯಾಂಗ ಹಾಕ್ಲಿ?"

ಕಾಗೆ ಕತ್ತು ಓರೆ ಮಾಡಿತು. ನಾನು ಕಣ್ಣು ಮುಚ್ಚಿಕೊಂಡೆ. ಬೈಗುಳ ಬರುತ್ತದೆ, ಉರ್ದುವಿನಲ್ಲಿ ಬರುತ್ತದೋ ಕನ್ನಡದಲ್ಲೋ ಎಂದು ಕಾದೆ. ಕಣ್ಣು ತೆರೆದಾಗ ಮಾವನವರು ಎದ್ದು ನಿಂತಿದ್ದರು. ಕೈಯಲ್ಲಿ ಧೋತರದ ಚುಂಗು.

"ಬೀಗರ, ಏಳ್ರಿ," ಎಂದು ಅಣ್ಣನ ರಟ್ಟೆ ಹಿಡಿದು ಎಬ್ಬಿಸಿದರು. "ಬರ್ರಿ, ಈ ಕಡಿ ನಿಂದ್ರೂಣು."

ಅಣ್ಣನನ್ನು ಕರೆದುಕೊಂಡು ಬೇವಿನ ಮರದ ಹಿಂದೆ ಹೋದರು. ಬೆಳವ ಬಂದಾಗ ಹೋಗಿ ನಿಲ್ಲುತ್ತಿದ್ದರಲ್ಲ, ಅಲ್ಲಿಗೇ. ಮರ ಒಬ್ಬರನ್ನು ಮರೆಮಾಡುವಷ್ಟು ದಪ್ಪವಿತ್ತು, ಇಬ್ಬರನ್ನಲ್ಲ. ಅಣ್ಣನ ಒಂದು ಭುಜ, ರುಮಾಲಿನ ತುದಿ ಈ ಕಡೆಗೆ ಕಾಣುತ್ತಿದ್ದವು. ಆ ಭುಜವನ್ನು ನೋಡುತ್ತ ನಾನು ತಾಟು ಎಳೆದುಕೊಂಡೆ. ರೊಟ್ಟಿ ಇನ್ನೂ ಬೆಚ್ಚಗಿತ್ತು. ಮೊದಲ ತುತ್ತು ಕಣ್ಣೀರಿನ ಜೊತೆ ಇಳಿಯಿತು. ಎರಡನೆಯದಕ್ಕೆ ಅಳುವಷ್ಟು ಪುರಸೊತ್ತು ನನ್ನ ಹಸಿವು ಕೊಡಲಿಲ್ಲ. ಅಷ್ಟು ರುಚಿಯಾದ ಶೇಂಗಾ ಚಟ್ನಿಪುಡಿಯನ್ನು ನಾನು ಮತ್ತೆ ತಿಂದಿಲ್ಲ.

ಮರದ ಹಿಂದಿನಿಂದ ದನಿ ಬಂತು. "ಊಟ ಆತೇನು?"

ಗೋಡೆಯ ಮೇಲೆ ನೋಡಿದೆ. ಕಾಗೆ ಯಾವಾಗಲೋ ಹಾರಿಹೋಗಿತ್ತು. ಉತ್ತರ ಕೊಡಲು ಉಳಿದವಳು ನಾನೊಬ್ಬಳೇ.

"ಆತ್ರಿ," ಅಂದೆ.

ಮತ್ತೆ ದನಿ ಬಂತು. "ಊರಿಗಿ ಹೋಗ್ಬೇಕಂತ ಮನಸದೇನವ್ವಾ?"

ಯಾವ ಹಕ್ಕಿಯನ್ನೂ ಅವರು ಅವ್ವಾ ಎಂದು ಕರೆದದ್ದನ್ನು ನಾನು ಕೇಳಿರಲಿಲ್ಲ.

"ಇಲ್ರಿ," ಅಂದೆ. "ಇಲ್ಲೇ ಇರ್ತೀನ್ರಿ."

ಸಂಜೆಯ ಗಾಡಿಗೆ ಅಣ್ಣ ಒಬ್ಬನೇ ಹೋದ. ಅವನಿಗೆ ನಿರಾಳವಾಯಿತೋ ಬೇಸರವಾಯಿತೋ, ಮುಖ ನೋಡಿ ತಿಳಿಯಲಿಲ್ಲ. ಎರಡೂ ಆಗಿರಬೇಕು. ಮುಂದೆ ಶ್ರಾವಣದಲ್ಲಿ ಮಗಳು ಆ ಮನೆಯಲ್ಲೇ ಹುಟ್ಟಿದಳು. ಕೋಗಿಲೆಗೆ ಅಂದ ಮಾತು ನನಗೇ ಅಂದದ್ದೆಂದು ಈಗ ಗೊತ್ತು, ಸಿಟ್ಟಿನಿಂದ ಅಂದದ್ದಲ್ಲ ಎಂದೂ ಗೊತ್ತು. ಆದರೆ ಗೊರವಂಕಕ್ಕೆ ಅಂದದ್ದು? ಅಳಿಲಿಗೆ, ಬೆಲ್ಲದ ದಿನ? ಕೇಳುವ ಧೈರ್ಯ ನನಗೆ ಬರಲೇ ಇಲ್ಲ. ಬೆಳವದ ಸಂಕೋಚ ಅಷ್ಟು ಚೆನ್ನಾಗಿ ತಿಳಿದವರಿಗೆ ನನ್ನ ಸಂಕೋಚ ಯಾಕೆ ತಿಳಿಯಲಿಲ್ಲ, ದಿನಾ ಬೆಳವವನ್ನೂ ಅವರನ್ನೂ ನೋಡುತ್ತಿದ್ದ ನನಗಾದರೂ ಯಾಕೆ ಹೊಳೆಯಲಿಲ್ಲ, ಅದು ಇವತ್ತಿಗೂ ಗೊಂದಲವೇ.

ಅಣ್ಣ ಹೋದ ಮರುದಿನ ಬೆಳಿಗ್ಗೆ ಮಾವನವರು ಇಬ್ಬರು ಆಳುಗಳನ್ನು ಕರೆಸಿ ಪರಸಿಯನ್ನು ಎತ್ತಿಸಿ ಬೇವಿನ ಮರದ ಆ ಕಡೆಗೆ, ಓಣಿಯ ಗೋಡೆಗೆ ಮುಖ ಮಾಡಿ ಹಾಕಿಸಿದರು. ಅಲ್ಲಿ ನೆರಳು ಕಡಿಮೆ. ಗೋಡೆ ಬಿಟ್ಟರೆ ನೋಡುವುದಕ್ಕೂ ಏನಿಲ್ಲ. ಕಾಳು ಚೆಲ್ಲುವುದು ಮಾತ್ರ ಈ ಕಡೆ, ಹಳೆಯ ಜಾಗದಲ್ಲೇ ನಡೆಯಿತು, ಹಾಗಾಗಿ ಹಕ್ಕಿಗಳೆಲ್ಲ ನನ್ನ ಪಾಲಿಗೆ ಬಂದವು. ಮುಂದೆ ಎಷ್ಟೋ ವರ್ಷ ಮಧ್ಯಾಹ್ನ ಊಟವಾದ ಮೇಲೆ ಅವರು ಆ ಕಡೆ ಹೋಗಿ, ನಮಗೆ ಬೆನ್ನು ಹಾಕಿ ಕೂತು, ಒಂದು ಹಕ್ಕಿಯೂ ಇಲ್ಲದ ಗೋಡೆಗೆ ಊಟ ಆತೇನು ಎಂದು ಕೇಳುತ್ತಿದ್ದರು. ನಾನು ಆತ್ರಿ ಅನ್ನುತ್ತಿದ್ದೆ. ಅವರು ಎದ್ದು ಮುಂದಿನ ಕಟ್ಟೆಗೆ ಹೋಗುತ್ತಿದ್ದರು.